ವಿಜಯಪುರದಲ್ಲಿ ಎರಡು ದಿನ: ಬಿಸಿಲು ನೋಡಿ ಸುತ್ತಿ, ಹೊತ್ತು ನೋಡಿ ಉಣ್ಣಿ

ಪ್ರಶ್ನೆ: ನಾವು ಬೆಂಗಳೂರಿನವರು. ನಾನು, ಪತಿ, ಹತ್ತು ವರ್ಷದ ಮಗ, ಜೊತೆಗೆ ಮಂಡಿನೋವಿರುವ ಅತ್ತೆ. ಜನವರಿಯ ಒಂದು ಶನಿವಾರ, ಭಾನುವಾರ ವಿಜಯಪುರಕ್ಕೆ ಹೋಗಿ ಗೋಳಗುಮ್ಮಟ ನೋಡಿ, ಹಾಗೆಯೇ ಬಾದಾಮಿ, ಕೂಡಲಸಂಗಮ ಮುಗಿಸಿಕೊಂಡು ಬರೋಣವೆಂದಿದ್ದೇವೆ. ಜೋಳದ ರೊಟ್ಟಿಯ ಊಟವನ್ನು ಅದರ ಊರಿನಲ್ಲೇ ಉಣ್ಣುವ ಆಸೆಯೂ ಇದೆ. ಅತ್ತೆ ಮತ್ತು ನಾನು ಸಸ್ಯಾಹಾರಿಗಳು, ಮಗನಿಗೆ ಖಾರ ಆಗದು. ಕಾರಿನಲ್ಲಿ ಹೋಗುವುದೋ, ರೈಲಿನಲ್ಲೋ? ಎರಡು ದಿನವನ್ನು ಹೇಗೆ ಹೊಂದಿಸಿಕೊಳ್ಳುವುದು?

ಉತ್ತರ: ಮೊದಲು ಬಾದಾಮಿಯನ್ನು ಪಟ್ಟಿಯಿಂದ ತೆಗೆಯಿರಿ. ಕೂಡಲಸಂಗಮವನ್ನೂ ತೆಗೆಯಿರಿ. ಬಾದಾಮಿಗೆ ಹೋಗಿಬರಲು ರಸ್ತೆಯಲ್ಲೇ ಐದಾರು ಗಂಟೆ ಬೇಕು. ಅಲ್ಲಿಗೆ ಒಂದು ದಿನ ಮುಗಿಯಿತು, ಮಧ್ಯಾಹ್ನದ ಊಟ ಹೆದ್ದಾರಿಯ ಯಾವುದೋ ಹೋಟೆಲಿನ ಫ್ರೈಡ್ ರೈಸ್ ಆಯಿತು, ಮಂಡಿನೋವಿನವರಿಗೆ ಗುಹಾಲಯದ ಮೆಟ್ಟಿಲುಗಳು ಎದುರಾದವು. ಬಾದಾಮಿ ಬೇರೆಯೇ ಒಂದು ಪ್ರವಾಸ. ಅದು ಚಾಲುಕ್ಯರ ಕಾಲದ್ದು, ಕೆಂಪು ಮರಳುಗಲ್ಲಿನ ಊರು. ವಿಜಯಪುರ ಅದಕ್ಕಿಂತ ಸಾವಿರ ವರ್ಷ ಈಚಿನದು, ಕಪ್ಪು ಬಸಾಲ್ಟ್ ಕಲ್ಲಿನದು.

ಈ ಕಲ್ಲಿನ ಮಾತನ್ನು ಸುಮ್ಮನೆ ಎತ್ತಲಿಲ್ಲ. ಗೋಳಗುಮ್ಮಟದ ಗೋಡೆಯಲ್ಲಿರುವುದು ದಖನ್ನಿನ ಲಾವಾ ಆರಿ ಗಟ್ಟಿಯಾದ ಕಲ್ಲು. ಊರಾಚೆ ಕಾಣುವ ಎರೆ ಭೂಮಿ ಅದೇ ಕಲ್ಲು ಸವೆದು ಆದ ಮಣ್ಣು. ಮಳೆ ಕಡಿಮೆಯಾದರೂ ಆ ಮಣ್ಣು ತೇವವನ್ನು ಒಳಗೇ ಹಿಡಿದಿಟ್ಟುಕೊಳ್ಳುತ್ತದೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬಿತ್ತಿದ ಹಿಂಗಾರಿ ಬಿಳಿಜೋಳ ಆ ತೇವವನ್ನೂ ಚಳಿಗಾಲದ ಇಬ್ಬನಿಯನ್ನೂ ನಂಬಿ ಬೆಳೆಯುತ್ತದೆ. ನೀವು ನೋಡಲು ಹೊರಟಿರುವುದಕ್ಕೂ ಉಣ್ಣಲು ಹೊರಟಿರುವುದಕ್ಕೂ ಮೂಲ ಒಂದೇ. ಆದ್ದರಿಂದ ಎರಡು ದಿನ ಈ ಒಂದೇ ಊರಿನಲ್ಲಿರಿ. ಬೇಸರವಾಗುವುದಿಲ್ಲ.

ಕಾರು ಬೇಡ. ಬೆಂಗಳೂರಿನಿಂದ ಐನೂರು ಕಿಲೋಮೀಟರಿಗೂ ಹೆಚ್ಚು ದೂರ. ಶುಕ್ರವಾರ ಕಚೇರಿ ಮುಗಿಸಿ ರಾತ್ರಿಯಿಡೀ ಗಾಡಿ ಓಡಿಸಿದವರು ಶನಿವಾರ ನೋಡುವುದು ಲಾಡ್ಜಿನ ಫ್ಯಾನನ್ನು ಮಾತ್ರ. ಮೈಸೂರಿನಿಂದ ಬರುವ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಸಂಜೆ ಬೆಂಗಳೂರು ಬಿಟ್ಟು ಮರುದಿನ ಬೆಳಿಗ್ಗೆ ವಿಜಯಪುರ ಮುಟ್ಟುತ್ತದೆ, ಭಾನುವಾರ ಹೊರಟರೆ ಸೋಮವಾರ ಬೆಳಿಗ್ಗೆ ಮನೆ. ಹೊರಡುವ ಸಮಯ ಆಗಾಗ ಬದಲಾಗುವುದರಿಂದ ಟಿಕೆಟ್ ಮಾಡುವಾಗ ನೋಡಿಕೊಳ್ಳಿ. ಅತ್ತೆಯವರಿಗೆ ಕೆಳಗಿನ ಬರ್ತ್ ಕೇಳುವುದನ್ನು ಮರೆಯಬೇಡಿ. ರೈಲ್ವೆ ನಿಲ್ದಾಣ ಗೋಳಗುಮ್ಮಟಕ್ಕೆ ತೀರಾ ಹತ್ತಿರ. ಅದಕ್ಕೂ ಗಾಂಧಿ ಚೌಕಕ್ಕೂ ನಡುವೆ ಎಲ್ಲಿ ಉಳಿದುಕೊಂಡರೂ ಅನುಕೂಲ. ಊರೊಳಗೆ ಆಟೋ ಸಾಕು. ಅರ್ಧ ದಿನಕ್ಕೆ ಇಷ್ಟು ಎಂದು ಮೊದಲೇ ಮಾತಾಡಿಕೊಂಡರೆ ಚಾಲಕರು ಕಾಯುತ್ತಾರೆ. ಟಾಂಗಾ ಕಂಡರೆ ಮಗನನ್ನು ಒಂದು ಸುತ್ತು ಕೂರಿಸಿ. ಈ ಊರಿನ ಹೆಗ್ಗುರುತಾಗಿದ್ದ ಕುದುರೆ ಗಾಡಿಗಳು ಈಗ ಅಪರೂಪವಾಗುತ್ತಿವೆ.

ಎಲ್ಲರೂ ರೈಲಿನಿಂದ ಇಳಿದವರೇ ನೇರ ಗೋಳಗುಮ್ಮಟಕ್ಕೆ ಓಡುತ್ತಾರೆ. ನೀವು ಓಡಬೇಡಿ. ಡಿಸೆಂಬರ್, ಜನವರಿ ಎಂದರೆ ಶಾಲಾ ಪ್ರವಾಸದ ಕಾಲ. ಹತ್ತು ಗಂಟೆಯ ಹೊತ್ತಿಗೆ ಬಸ್ಸುಗಳು ಸಾಲುಗಟ್ಟಿರುತ್ತವೆ, ಇನ್ನೂರು ಮಕ್ಕಳು ಒಮ್ಮೆಗೇ ಕೂಗುತ್ತಿರುತ್ತಾರೆ. ಅದನ್ನು ಭಾನುವಾರದ ಮುಂಜಾನೆಗೆ ಮೀಸಲಿಡಿ. ಶನಿವಾರ ಸ್ನಾನ ಮುಗಿಸಿ, ಒಂದು ಸೂಸಲಾ ಅಥವಾ ಉಪ್ಪಿಟ್ಟು ಶಿರಾ ತಿಂದು ಊರಿನ ಪಶ್ಚಿಮಕ್ಕೆ, ಕೋಟೆಗೋಡೆಯ ಆಚೆಗಿರುವ ಇಬ್ರಾಹಿಂ ರೋಜಾಕ್ಕೆ ಹೋಗಿ. ಚುರುಮುರಿಯನ್ನು ನೀರಿನಲ್ಲಿ ಅದ್ದಿ ಹಿಂಡಿ ಒಗ್ಗರಣೆ ಹಾಕಿದ್ದೇ ಸೂಸಲಾ. ಹೊಟ್ಟೆಗೆ ಹಗುರ, ಮಗನಿಗೂ ಹಿಡಿಸುತ್ತದೆ. ಬೆಳಿಗ್ಗೆ ಹೊಟ್ಟೆ ಬಿರಿಯುವಂತೆ ತಿನ್ನಬೇಡಿ, ಕಾರಣ ಮುಂದೆ ಹೇಳುತ್ತೇನೆ.

ನನ್ನನ್ನು ಕೇಳಿದರೆ ಈ ಊರಿನ ಅತ್ಯುತ್ತಮ ಕಟ್ಟಡ ಗೋಳಗುಮ್ಮಟವಲ್ಲ, ಇಬ್ರಾಹಿಂ ರೋಜಾ. ಎತ್ತರದ ಜಗಲಿಯ ಮೇಲೆ ಒಂದು ಕಡೆ ಸಮಾಧಿ, ಎದುರಿಗೆ ಮಸೀದಿ, ನಡುವೆ ಕೊಳ. ಜಗಲಿ ಏರಲು ಇರುವ ಕೆಲವು ಮೆಟ್ಟಿಲುಗಳನ್ನು ಅತ್ತೆಯವರು ನಿಧಾನವಾಗಿ ಹತ್ತಬಹುದು. ರಾಣಿ ತಾಜ್ ಸುಲ್ತಾನಾಳಿಗೆಂದು ಶುರುವಾದ ಕಟ್ಟಡದಲ್ಲಿ 1627ರಲ್ಲಿ ತೀರಿಕೊಂಡ ಇಲ್ಲಿಯ ಸುಲ್ತಾನ ಎರಡನೇ ಇಬ್ರಾಹಿಂ ಆದಿಲ್ ಶಾಹನೂ ಮಲಗಿದ್ದಾನೆ. ಜಗದ್ಗುರು ಎಂದು ಜನ ಕರೆದ ದೊರೆ ಈತನೇ. ಸರಸ್ವತಿಯನ್ನು, ಗಣಪತಿಯನ್ನು ಸ್ತುತಿಸಿ ದಖನಿ ಭಾಷೆಯಲ್ಲಿ ಹಾಡು ಕಟ್ಟಿ ರಾಗಕ್ಕೆ ಕೂರಿಸಿದವನು. ಕಟ್ಟಿಸಿದ ಶಿಲ್ಪಿ ಮಲಿಕ್ ಸಂದಲ್‌ನ ಹೆಸರು ಶಾಸನದಲ್ಲಿಯೇ ಇದೆ.

ಸಮಾಧಿಯ ಸುತ್ತಲಿನ ಪಡಸಾಲೆಯಲ್ಲಿ ಆತುರಪಡಬೇಡಿ. ಗೋಡೆಯ ಕಿಟಕಿಗಳ ಜಾಲರಿಯ ಹತ್ತಿರ ಹೋಗಿ ನಿಂತರೆ, ಅದು ಹೂಬಳ್ಳಿಯಲ್ಲ, ಅರಬ್ಬಿ ಅಕ್ಷರಗಳು ಎಂದು ತಿಳಿಯುತ್ತದೆ. ಅಕ್ಷರಗಳನ್ನು ಉಳಿಸಿಕೊಂಡು ಅವುಗಳ ನಡುವಿನ ಕಲ್ಲನ್ನಷ್ಟೇ ಕೊರೆದು ತೆಗೆದಿದ್ದಾರೆ. ಹೊರಗಿನ ಬೆಳಕು ಒಳಗೆ ಬರುವುದು ಆ ಬರಹದ ಸಂದುಗಳಿಂದಲೇ. ಮಗನಿಗೆ ಒಂದು ಕೆಲಸ ಕೊಡಿ: ಎರಡು ಜಾಲರಿ ಒಂದೇ ತರಹ ಇವೆಯೇ ಹುಡುಕು ಎನ್ನಿ. ಅರ್ಧ ಗಂಟೆ ನಿಮಗೆ ಬಿಡುವು. ಒಳಕೋಣೆಯ ಚಾವಣಿಯನ್ನೂ ತಲೆ ಎತ್ತಿ ನೋಡಿ. ಗುಮ್ಮಟ ಬೇರೆ ಮೇಲೆಲ್ಲೋ ಇದೆ. ಕೋಣೆಗೆ ಇರುವುದು ಕಲ್ಲುಹಲಗೆಗಳ ಸಪಾಟು ಚಾವಣಿ, ಕೆಳಗೆ ಆಸರೆಗೆ ತೊಲೆಯಿಲ್ಲ, ಕಂಬವಿಲ್ಲ. ಸಪಾಟು ಕಲ್ಲನ್ನು ಹಾಗೆ ನಿಲ್ಲಿಸುವುದು ಗುಮ್ಮಟ ಕಟ್ಟುವುದಕ್ಕಿಂತ ಕಷ್ಟ.

ಹನ್ನೆರಡೂವರೆಗೆ ಹೊರಡಿ. ಈಗ ಊಟ.

ವಿಜಯಪುರದಲ್ಲಿ ಊಟವೆಂದರೆ ಖಾನಾವಳಿ. ಹೆಸರುವಾಸಿ ಒಂದನ್ನೇ ಹುಡುಕಿಕೊಂಡು ಹೋಗುವ ಅಗತ್ಯವಿಲ್ಲ. ಒಳ್ಳೆಯದನ್ನು ಗುರುತಿಸಲು ಕಿವಿ ಸಾಕು. ಒಳಗಿನಿಂದ ಟಪ ಟಪ ಎಂದು ರೊಟ್ಟಿ ಬಡಿಯುವ ಸದ್ದು ಕೇಳುತ್ತಿರಬೇಕು. ಸದ್ದಿಲ್ಲವೆಂದರೆ ರೊಟ್ಟಿ ಎಲ್ಲಿಂದಲೋ ಬಂದು ಡಬ್ಬಿಯಲ್ಲಿ ಕೂತಿದೆ ಎಂದರ್ಥ. ಲಿಂಗಾಯತ ಖಾನಾವಳಿ ಎಂಬ ಬೋರ್ಡು ಇದ್ದರೆ ಶುದ್ಧ ಸಸ್ಯಾಹಾರ. ಒಂದರಿಂದ ಎರಡರೊಳಗೆ ಕೂತುಬಿಡಿ. ಮೂರರ ಮೇಲೆ ಹೋದವರಿಗೆ ಪಲ್ಯದ ಪಾತ್ರೆಗಳ ತಳ ಸಿಗುತ್ತದೆ.

ಅಡುಗೆಯವರು ಬೇಡವೆನ್ನದಿದ್ದರೆ ಐದು ನಿಮಿಷ ಒಲೆಯ ಹತ್ತಿರ ನಿಂತು ನೋಡಿ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ತಣ್ಣೀರಿನಲ್ಲಿ ಕಲಸಿ ಬಡಿದರೆ ಅಂಚು ಸೀಳುತ್ತದೆ. ಅದಕ್ಕೇ ಕುದಿಯುವ ಎಸರು ಹಾಕುತ್ತಾರೆ. ಬಿಸಿಗೆ ಹಿಟ್ಟು ಅರೆಬೆಂದು ಅದಕ್ಕೆ ಅಂಟು ಬರುತ್ತದೆ. ಒಂದು ಉಂಡೆಯಾಗುವಷ್ಟನ್ನೇ ತೆಗೆದುಕೊಂಡು ಅಂಗೈ ಬುಡದಿಂದ ನಾದುತ್ತಾರೆ, ಒಣಹಿಟ್ಟು ಉದುರಿಸಿ ಬಡಿಯುತ್ತಾರೆ. ಬಡಿಯುವ ಕೈಯೇ ರೊಟ್ಟಿಯನ್ನು ಒಂದೇ ಸಮನೆ ತಿರುಗಿಸುತ್ತಲೂ ಇರುತ್ತದೆ. ಲಟ್ಟಣಿಗೆಯ ಮಾತೇ ಇಲ್ಲ. ಹಂಚಿಗೆ ಹಾಕಿ, ಹಿಟ್ಟು ಮೆತ್ತಿದ ಮೇಲ್ಮೈಗೆ ಒದ್ದೆ ಬಟ್ಟೆಯಿಂದ ನೀರು ಸವರಿ, ನೀರು ಆರುವ ಮುನ್ನ ತಿರುವಿ, ಕೊನೆಗೆ ಕೆಂಡಕ್ಕೋ ಉರಿಗೋ ಒಡ್ಡಿದರೆ ರೊಟ್ಟಿ ಉಬ್ಬುತ್ತದೆ. ನೀರು ಸವರುವುದು ತಡವಾದರೆ ಉಬ್ಬುವುದಿಲ್ಲ, ಬಿರುಕು ಬಿಡುತ್ತದೆ. ಮಗ ಬೆರಗಾಗಿ ನೋಡುವುದು ಖಂಡಿತ. ಗೋಳಗುಮ್ಮಟಕ್ಕಿಂತ ಇದನ್ನೇ ನೆನಪಿಟ್ಟುಕೊಂಡರೂ ನನಗೆ ಆಶ್ಚರ್ಯವಿಲ್ಲ.

ತಟ್ಟೆಗೆ ಬರುವುದು ಎಣ್ಣೆಗಾಯಿ, ಮಡಿಕೆಕಾಳು ಅಥವಾ ಹೆಸರುಕಾಳಿನ ಪಲ್ಯ, ದಿನ ನೋಡಿ ಕಡಲೆಹಿಟ್ಟಿನ ಝುಣಕವೋ ಹುಳಿಸೊಪ್ಪಿನ ಪುಂಡಿಪಲ್ಯವೋ. ಬದಿಗೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಎಂಬ ಚಟ್ನಿಪುಡಿಗಳು, ಕೆಂಪು ಮೆಣಸಿನಕಾಯಿಯ ಚಟ್ನಿ, ಗಟ್ಟಿ ಮೊಸರು. ಹಸಿ ಉಳ್ಳಾಗಡ್ಡಿ, ಸೌತೆಕಾಯಿ, ಮೂಲಂಗಿ, ಎಳೆಯ ಮೆಂತ್ಯೆ ಸೊಪ್ಪು ಹಾಗೆಯೇ ಕಡಿದು ತಿನ್ನಲು. ಬೆಂಗಳೂರಿನವರು ಈ ಸೊಪ್ಪನ್ನು ಅಲಂಕಾರವೆಂದುಕೊಂಡು ಪಕ್ಕಕ್ಕೆ ಸರಿಸುತ್ತಾರೆ. ಸರಿಸಬೇಡಿ, ಖಾರ ಮುರಿಯಲೆಂದೇ ಅದು ಅಲ್ಲಿರುವುದು. ಮೊದಲ ರೊಟ್ಟಿ ಎಣ್ಣೆಗಾಯಿಗೆ, ಎರಡನೆಯದು ಕಾಳುಪಲ್ಯಕ್ಕೆ. ಮೂರನೆಯದು ಹಿಡಿಸಿದರೆ ಮೊಸರಿನಲ್ಲಿ ಶೇಂಗಾ ಹಿಂಡಿ ಕಲಸಿಕೊಂಡು. ಕೊನೆಗೆ ಒಂದಿಷ್ಟು ಅನ್ನ, ಕಟ್ಟಿನ ಸಾರು. ಬಡಿಸುವವರು ಸಾಕೆಂದರೂ ಹಾಕುತ್ತಾರೆ. ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿಯುವುದೊಂದೇ ಉಪಾಯ. ಬೆಳಿಗ್ಗೆ ಹಗುರವಾಗಿ ತಿನ್ನಿ ಎಂದದ್ದು ಇದಕ್ಕೇ.

ಮಗನ ವಿಷಯ. ‘ಖಾರ ಕಡಿಮೆ ಹಾಕಿ’ ಎಂದು ಹೇಳಿ ಪ್ರಯೋಜನವಿಲ್ಲ, ಪಲ್ಯ ಆಗಲೇ ಆಗಿರುತ್ತದೆ, ಅವರ ಕಡಿಮೆಯೂ ನಿಮ್ಮ ಹೆಚ್ಚೂ ಒಂದೇ ಇರಬಹುದು. ಬಿಸಿ ರೊಟ್ಟಿಗೆ ಬೆಣ್ಣೆ ಅಥವಾ ತುಪ್ಪ, ಬೆಲ್ಲ, ಇಲ್ಲವೇ ಮೊಸರು ಕೊಡಿಸಿ. ಸಿಕ್ಕರೆ ಶೇಂಗಾ ಹೋಳಿಗೆ. ಅದರಲ್ಲೇ ಅವನ ಹೊಟ್ಟೆ ತುಂಬುತ್ತದೆ. ಅತ್ತೆಯವರಿಗೆ ಬೆಣ್ಣೆಯಂಥ ಮೆತ್ತಗಿನ ಬಿಸಿ ರೊಟ್ಟಿಯೇ ಬೇಕೆಂದು ಕೇಳಿ ಹಾಕಿಸಿ. ಕಡಕ್ ರೊಟ್ಟಿ ಹಲ್ಲಿಗೆ ಕೆಲಸ ಕೊಡುತ್ತದೆ.

ಊಟದ ಮೇಲೆ ನಾಲ್ಕು ಗಂಟೆಯವರೆಗೆ ಕೋಣೆಗೆ ಹೋಗಿ ಮಲಗಿ. ಇದು ಸೋಮಾರಿತನವಲ್ಲ, ಯೋಜನೆಯ ಭಾಗ. ಜನವರಿಯಲ್ಲೂ ಇಲ್ಲಿಯ ಮಧ್ಯಾಹ್ನದ ಬಿಸಿಲಿಗೆ ಕಪ್ಪು ಕಲ್ಲು ಕಾಯುತ್ತದೆ. ಚಪ್ಪಲಿ ಬಿಟ್ಟು ನಡೆಯಬೇಕಾದ ಕಡೆ ಅಂಗಾಲಿಗೆ ಗೊತ್ತಾಗುತ್ತದೆ. ದಪ್ಪ ಕಾಲುಚೀಲ ಇಟ್ಟುಕೊಂಡಿರಿ.

ಸಂಜೆಯ ಸುತ್ತು ಚಿಕ್ಕದು. ಜಾಮಿಯಾ ಮಸೀದಿ ಮೊದಲು. 1565ರ ತಾಳೀಕೋಟೆ ಕದನದ ನಂತರ ಒಂದನೇ ಅಲಿ ಆದಿಲ್ ಶಾಹ ಶುರು ಮಾಡಿದ ಕಟ್ಟಡ. ಇಂದಿಗೂ ನಮಾಜು ನಡೆಯುವ ಜಾಗ, ಮೈ ಮುಚ್ಚುವ ಬಟ್ಟೆ ಇರಲಿ. ನೆಲದ ಮೇಲೆ ಒಬ್ಬೊಬ್ಬರಿಗೆ ಒಂದೊಂದರಂತೆ ಎರಡು ಸಾವಿರಕ್ಕೂ ಹೆಚ್ಚು ಚೌಕಗಳನ್ನು ಗೆರೆ ಹಾಕಿ ಗುರುತಿಸಿದ್ದಾರೆ. ಅಲ್ಲಿಂದ ಹಳೆಯ ಅರಮನೆ ಗಗನ ಮಹಲ್‌ಗೆ. ಚಾವಣಿ ಹೋಗಿದೆ, ಮುಂದಿನ ಮೂರು ಕಮಾನುಗಳು ಉಳಿದಿವೆ. ನಡುವಿನದರ ಅಗಲ ನೋಡಿದರೆ ಎದೆ ಝಲ್ಲೆನ್ನುತ್ತದೆ. ಕೊನೆಯ ಸುಲ್ತಾನ ಸಿಕಂದರ್ 1686ರಲ್ಲಿ ಔರಂಗಜೇಬನ ಮುಂದೆ ಶರಣಾಗಿದ್ದು ಇಲ್ಲಿ, ಬೆಳ್ಳಿಯ ಸರಪಳಿಯಲ್ಲಿ ಎಂದು ಹೇಳುತ್ತಾರೆ. ಇಲ್ಲಿ ಹತ್ತು ನಿಮಿಷ ಸಾಕು.

ಸೂರ್ಯ ಇಳಿಯುವ ಮೊದಲು ಬಾರಾ ಕಮಾನಿನಲ್ಲಿರಿ. ಎರಡನೇ ಅಲಿ ಆದಿಲ್ ಶಾಹ ತನ್ನ ಸಮಾಧಿಗೆಂದು ತಂದೆಯ ಗೋಳಗುಮ್ಮಟಕ್ಕೆ ಸವಾಲೆನ್ನುವಂತೆ ಆರಂಭಿಸಿದ್ದು. 1672ರಲ್ಲಿ ಆತ ತೀರಿಕೊಂಡ, ಕಟ್ಟಡ ಅರ್ಧಕ್ಕೆ ನಿಂತಿತು. ಗಿಲಾವು ಇಲ್ಲದ ಬರಿಯ ಕಲ್ಲು ಕಮಾನುಗಳು ಆಕಾಶಕ್ಕೆ ತೆರೆದು ನಿಂತಿವೆ. ಮುಗಿದಿದ್ದರೆ ಇಷ್ಟು ಚೆನ್ನಾಗಿರುತ್ತಿತ್ತೋ ಇಲ್ಲವೋ ಎಂಬ ಅನುಮಾನ ನನಗಿದೆ. ಅತ್ತೆಯವರು ಹುಲ್ಲಿನ ಮೇಲೆ ಕುಳಿತು ಎಲ್ಲವನ್ನೂ ನೋಡಬಹುದು. ಆಮೇಲೆ ಗಾಂಧಿ ಚೌಕದ ಕಡೆ ನಡೆದರೆ ಮಿರ್ಚಿ ಭಜಿಯ ಬಾಣಲೆಗಳು. ಚುರುಮುರಿಯ ಗಿರಮಿಟ್ ಜೊತೆಗೆ ಒಂದೆರಡು ಭಜಿ, ಒಂದು ಕಪ್ ಚಹಾ. ಎಣ್ಣೆ ಕಣ್ಣೆದುರೇ ಕುದಿಯುತ್ತಿರುವ, ಜನ ಮುತ್ತಿಕೊಂಡಿರುವ ಗಾಡಿಯನ್ನು ಆರಿಸಿ. ರಾತ್ರಿ ಇಡ್ಲಿಯೋ ಮೊಸರನ್ನವೋ ಸಾಕು.

ಭಾನುವಾರ ಬೆಳಿಗ್ಗೆ ಏಳರೊಳಗೆ ಗೋಳಗುಮ್ಮಟದ ಗೇಟಿನಲ್ಲಿರಿ. ಊರಿನಲ್ಲಿ ನೀವು ಟಿಕೆಟ್ ಕೊಳ್ಳಬೇಕಾಗುವ ಮುಖ್ಯ ಸ್ಮಾರಕಗಳು ಇದು ಮತ್ತು ಇಬ್ರಾಹಿಂ ರೋಜಾ, ಹದಿನೈದರ ಒಳಗಿನ ಮಕ್ಕಳಿಗೆ ಬೇಕಿಲ್ಲ. ಒಳಗೆ ಹೋದವರೇ ಮೆಟ್ಟಿಲು ಹುಡುಕಬೇಡಿ, ನೆಲದ ಮೇಲೆ ನಿಂತು ಮೂಲೆಗಳನ್ನು ನೋಡಿ. ಕೆಳಗೆ ಚೌಕದ ಕೋಣೆ, ಮೇಲೆ ದುಂಡು ಗುಮ್ಮಟ, ಒಳಗಿನ ಅಡ್ಡಳತೆಯೇ ಸುಮಾರು 38 ಮೀಟರ್. ಚೌಕ ದುಂಡಾಗುವುದು ಹೇಗೆ? ಗೋಡೆಗಳಿಂದ ಎದ್ದ ಎಂಟು ಕಮಾನುಗಳು ಒಂದನ್ನೊಂದು ಕತ್ತರಿಸಿಕೊಂಡು ಒಳಕ್ಕೆ ಬಾಗುತ್ತ ಮೂಲೆಗಳನ್ನು ನುಂಗಿಬಿಡುತ್ತವೆ. ಗುಮ್ಮಟ ಹೊರಕ್ಕೆ ತಳ್ಳುತ್ತದೆ, ಒಳಕ್ಕೆ ಚಾಚಿದ ಈ ಕಮಾನುಗಳ ಭಾರ ಅದನ್ನು ತಡೆದು ಹಿಡಿಯುತ್ತದೆ. ನಡುವೆ ಒಂದು ಕಂಬವೂ ಇಲ್ಲ. 1656ರಲ್ಲಿ ತೀರಿಕೊಂಡ ಮೊಹಮ್ಮದ್ ಆದಿಲ್ ಶಾಹನ ಜೊತೆಗೆ ಆತನ ಪತ್ನಿಯರು, ನರ್ತಕಿ ರಂಭೆಯೂ ಇಲ್ಲಿದ್ದಾರೆ. ಕಟ್ಟೆಯ ಮೇಲೆ ಕಾಣುವುದು ಗುರುತಿನ ಗೋರಿಗಳು, ನಿಜವಾದವು ಕೆಳಗಿನ ನೆಲಮಾಳಿಗೆಯಲ್ಲಿವೆ.

ಪಿಸುಗುಟ್ಟುವ ಗ್ಯಾಲರಿಗೆ ಮೂಲೆಯ ಗೋಪುರದೊಳಗಿನ ಇಕ್ಕಟ್ಟಾದ, ಕಡಿದಾದ ಮೆಟ್ಟಿಲುಗಳಲ್ಲಿ ಏಳು ಅಂತಸ್ತು ಹತ್ತಬೇಕು. ಅತ್ತೆಯವರನ್ನು ದಯವಿಟ್ಟು ಹತ್ತಿಸಬೇಡಿ. ‘ಇಷ್ಟು ದೂರ ಬಂದು’ ಎಂಬ ಮಾತಿಗೆ ಮಂಡಿ ಕಿವಿಗೊಡುವುದಿಲ್ಲ, ಇಳಿಯುವಾಗಿನ ಪಾಡು ಹತ್ತುವುದಕ್ಕಿಂತ ಹೆಚ್ಚು. ಅವರೊಡನೆ ಒಬ್ಬರು ಕೆಳಗೆ ತೋಟದಲ್ಲಿರಲಿ, ಸರದಿಯಂತೆ ಹತ್ತಿ. ಮೇಲೆ ಹೋದವರು ಕೂಗಬಾರದು. ಒಬ್ಬರು ಗೋಡೆಗೆ ಮುಖಮಾಡಿ ಮೆಲ್ಲಗೆ ಮಾತಾಡಲಿ, ಇನ್ನೊಬ್ಬರು ಎದುರು ಬದಿಯಲ್ಲಿ ಗೋಡೆಗೆ ಕಿವಿ ಹತ್ತಿರ ಹಿಡಿದು ಕೂರಲಿ. ಕಾಗದ ಮಡಚಿದ ಸದ್ದು ಕೂಡ ಬರುತ್ತದೆ. ಒಂದು ಚಪ್ಪಾಳೆ ತಟ್ಟಿ ಎಷ್ಟು ಸಲ ಮರಳಿತು ಎಂದು ಮಗ ಎಣಿಸಲಿ. ಎಂಟೂವರೆ ದಾಟಿದರೆ ಇದೊಂದೂ ಸಾಧ್ಯವಿಲ್ಲ. ಮುಂದಿನ ನಗಾರಖಾನೆಯಲ್ಲಿರುವ ಮ್ಯೂಸಿಯಂ ತೆರೆದ ಮೇಲೆ ಅತ್ತೆಯವರೊಡನೆ ಒಂದು ಸುತ್ತು ಹಾಕಿ, ಅದಕ್ಕೆ ಶುಕ್ರವಾರ ಮಾತ್ರ ರಜೆ.

ಮಧ್ಯಾಹ್ನಕ್ಕೆ ಮುಂಚೆ ಶೆರ್ಜಾ ಬುರುಜಿನ ಮಲಿಕ್-ಎ-ಮೈದಾನ್ ತೋಪು. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು, ಸುಮಾರು 55 ಟನ್ ತೂಕ, ಬಾಯಿಯ ಕಡೆ ಆನೆಯನ್ನು ನುಂಗುತ್ತಿರುವ ಸಿಂಹದ ಮುಖ. ಬ್ರಿಟಿಷರ ಕಾಲದಲ್ಲಿ, 1854ರಲ್ಲಿ, ಇದನ್ನು ಗುಜರಿಗೆಂದು ಹರಾಜು ಹಾಕಿದಾಗ ಬಂದ ಬೆಲೆ 150 ರೂಪಾಯಿ. ಪುಣ್ಯಕ್ಕೆ ಹರಾಜು ರದ್ದಾಯಿತು. ಹತ್ತಿರದಲ್ಲೇ 1584ರ ಉಪ್ಪಲಿ ಬುರುಜು. ಹೊರಮೈಗೆ ಸುತ್ತಿಕೊಂಡ ಮೆಟ್ಟಿಲು ಹತ್ತಿದರೆ ಮೇಲೆ ಎರಡು ಉದ್ದನೆಯ ತೋಪುಗಳು, ಕೆಳಗೆ ಇಡೀ ಊರು. ತಡೆಗೋಡೆ ತಗ್ಗು, ಮಗನ ಕೈ ಬಿಡಬೇಡಿ. ಸಮಯ ಉಳಿದರೆ 1620ರ ದೊಡ್ಡ ಬಾವಿ ತಾಜ್ ಬಾವಡಿ ನೋಡಿ, ಬರದ ನಾಡಿನ ದೊರೆಗಳು ನೀರಿಗಾಗಿ ಎಷ್ಟು ಖರ್ಚು ಮಾಡಿದರೆಂದು ತಿಳಿಯಲು. ಆಟೋದವರು ಸಾಠ್ ಕಬರ್‌ಗೆ ಕರೆದೊಯ್ಯುತ್ತೇನೆಂದರೆ ಈ ಸಲ ಬೇಡವೆನ್ನಿ. ಸಾಲು ಗೋರಿಗಳು, ಅವುಗಳ ಬಗ್ಗೆ ಹೇಳುವ ಹೆಂಡತಿಯರ ಕೊಲೆಯ ಕತೆ, ಎರಡೂ ಹತ್ತು ವರ್ಷದವನಿಗಲ್ಲ.

ಎರಡನೆಯ ಊಟ ನಿಮ್ಮ ಪತಿಯವರದು. ಮಾಂಸ ತಿನ್ನುವವರಾದರೆ ಸಾವಜಿ ಖಾನಾವಳಿಗೆ ಹೋಗಲಿ. ಮೊದಲ ತುತ್ತಿಗೆ ಸುಮ್ಮನಿದ್ದು ನಾಲ್ಕನೆಯದಕ್ಕೆ ನೆತ್ತಿಗೇರುವ ಖಾರ, ಪಕ್ಕದಲ್ಲಿ ಮಜ್ಜಿಗೆ ಇರಲಿ. ಹಳೆಯ ಪೇಟೆಯಲ್ಲಿ ಬಿರಿಯಾನಿಯೂ ಸಿಗುತ್ತದೆ. ಆದರೆ ರಾತ್ರಿ ರೈಲಿದೆ ಎಂಬುದು ನೆನಪಿರಲಿ. ನೀವು ಮೂವರು ಇನ್ನೊಂದು ಖಾನಾವಳಿ ನೋಡಿ. ನಿನ್ನೆ ಎಣ್ಣೆಗಾಯಿ ಉಂಡಿದ್ದರೆ ಇವತ್ತು ಝುಣಕ ಇದೆಯೇ ಎಂದು ಕೇಳಿ ಕೂರಿ.

ಮನೆಗೆ ಒಯ್ಯಲು ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಕಡಕ್ ರೊಟ್ಟಿ ತೆಗೆದುಕೊಳ್ಳಿ. ಈ ಜಿಲ್ಲೆಯ ಒಣದ್ರಾಕ್ಷಿಯೂ ಚೆನ್ನಾಗಿರುತ್ತದೆ. ಇಂಡಿ ತಾಲ್ಲೂಕಿನ ಲಿಂಬೆಹಣ್ಣು ಕಂಡರೆ ಒಂದು ಡಜನ್ ಇರಲಿ. ಕಡಕ್ ರೊಟ್ಟಿಯನ್ನು ರಟ್ಟಿನ ಡಬ್ಬಿಯಲ್ಲಿ ಮಲಗಿಸಿ ಕಟ್ಟಿಸಿ, ಚೀಲದಲ್ಲಿ ತಂದರೆ ಬೆಂಗಳೂರಿಗೆ ಪುಡಿಯೇ ಬರುವುದು. ತೇವ ತಾಗದಿದ್ದರೆ ವಾರಗಟ್ಟಲೆ ಇರುತ್ತದೆ.

ಕೊನೆಯದಾಗಿ ತಾರೀಖು. ಸಂಕ್ರಾಂತಿಯ ಹೊತ್ತಿಗೆ ಇಲ್ಲಿ ಸಿದ್ಧೇಶ್ವರ ಜಾತ್ರೆ, ದೊಡ್ಡ ದನಗಳ ಜಾತ್ರೆಯೂ ಜೊತೆಗೆ. ಜಾತ್ರೆಯೇ ಬೇಕೆಂದರೆ ಲಾಡ್ಜು, ರೈಲು ಎರಡನ್ನೂ ಬಹಳ ಮುಂಚೆ ಹಿಡಿಯಬೇಕು, ನಾನು ಹೇಳಿದ ನಿಧಾನದ ಸುತ್ತಾಟವನ್ನು ಮರೆಯಬೇಕು. ಅತ್ತೆಯವರನ್ನು ನೆನೆದು ಹೇಳುವುದಾದರೆ ಜನವರಿಯ ಕೊನೆಯ ವಾರ ಮೇಲು. ಆಗ ಹೊಲದಲ್ಲಿ ಜೋಳದ ತೆನೆ ಹಾಲುಗಾಳಾಗಿರುತ್ತದೆ. ಕೆಂಡದಲ್ಲಿ ಸುಟ್ಟು, ಉಜ್ಜಿ ಉದುರಿಸಿದ ಬಿಸಿ ಹಸಿರು ಕಾಳಿಗೆ ಸೀತನಿ ಎನ್ನುತ್ತಾರೆ. ಹೋಟೆಲಿನಲ್ಲಿ ಕೇಳಬೇಡಿ, ಸಿಗುವುದಿಲ್ಲ. ನಿಮ್ಮ ಆಟೋ ಚಾಲಕರಿಗೆ ಹೊಲವಿದೆಯೇ ಎಂದು ಕೇಳಿ ನೋಡಿ.